ಕರೆಂಟು ಕಂಪನಿಯ ದೊಡ್ಡವರ ಒಳನಂಟು: ಯಾವ ಬಾಗಿಲು ತಟ್ಟಬೇಕು?

ಮುಂಬೈಯ ಮಾಟುಂಗಾದ ಗೆಳೆಯರೊಬ್ಬರ ಪ್ರಶ್ನೆ: ವಿದ್ಯುತ್ ಕಂಪನಿಯ ಮೇಲಿನವರಿಗೆ ಗುತ್ತಿಗೆದಾರರ ಜತೆ ನಂಟಿದೆಯೇ ಎಂದು ತಿಳಿಯಲು ಷೇರುಪೇಟೆಯ ದಾಖಲೆ ನೋಡುವುದೋ, ಕಂಪನಿಯ ರಿಜಿಸ್ಟರ್ ನೋಡುವುದೋ, ಮಾಹಿತಿ ಹಕ್ಕಿನ ಅರ್ಜಿ ಹಾಕುವುದೋ?

ಖರ್ಚಿನಲ್ಲಿ ಷೇರುಪೇಟೆ ಪುಕ್ಕಟೆ. ಟಾಟಾ ಪವರ್‌ನಂತಹ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಸಂಬಂಧಿತ ಪಕ್ಷಗಳೊಂದಿಗಿನ (ನಿರ್ದೇಶಕರು, ಅವರ ಬಂಧುಗಳು, ಅವರ ಹಿಡಿತದ ಸಂಸ್ಥೆಗಳಂತಹವರ ಜತೆಗಿನ) ವ್ಯವಹಾರವನ್ನು ಆರು ತಿಂಗಳಿಗೊಮ್ಮೆ ಬಹಿರಂಗಪಡಿಸಲೇಬೇಕು. ಪಕ್ಷದ ಹೆಸರು, ಸಂಬಂಧ, ಮೊತ್ತ ಎಲ್ಲವೂ ಕೋಷ್ಟಕದಲ್ಲಿರುತ್ತವೆ. ಕಣ್ಣು ಮಾತ್ರ ಗಟ್ಟಿಯಿರಬೇಕು. ಮಾಹಿತಿ ಹಕ್ಕಿಗೆ 10 ರೂಪಾಯಿ, ಜತೆಗೆ 30 ದಿನಗಳ ತಾಳ್ಮೆ.

ಆಳದ ಮಾತು ಬೇರೆ. 2013ರ ಕಂಪನಿ ಕಾಯ್ದೆಯ 184ನೇ ಕಲಮಿನಂತೆ ನಿರ್ದೇಶಕರು ಪ್ರತಿ ಹಣಕಾಸು ವರ್ಷದ ಮೊದಲ ಮಂಡಳಿ ಸಭೆಯಲ್ಲಿ ತಮ್ಮ ಹಿತಾಸಕ್ತಿಯನ್ನು ತಿಳಿಸಬೇಕು. ಅವರ ಹಿತಾಸಕ್ತಿಯಿರುವ ಒಪ್ಪಂದಗಳ ರಿಜಿಸ್ಟರನ್ನು ಷೇರುದಾರರು ನೋಂದಾಯಿತ ಕಚೇರಿಯಲ್ಲಿ ತೆರೆದು ನೋಡಬಹುದು. ಒಂದೇ ಷೇರಿದ್ದರೂ ಸಾಕು! ಆದರೆ ನಿರ್ದೇಶಕರಲ್ಲದ ಹಿರಿಯ ಅಧಿಕಾರಿಗಳು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಮಂಡಳಿಗೆ ಹೇಳಿದರೆ ಮುಗಿಯಿತು, ನಮಗೆ ಹೇಳಬೇಕಿಲ್ಲ. ನನಗೆ ಕಿರಿಕಿರಿಯಾಗುವುದು ಇಲ್ಲೇ. ಖರೀದಿ ಆದೇಶಗಳು ಓಡಾಡುವುದು ಅವರ ಮೇಜಿನ ಮೇಲೆಯೇ ಅಲ್ಲವೇ?

ಮುಂಬೈಯಲ್ಲಿ ಬಸ್ಸನ್ನೂ ಕರೆಂಟನ್ನೂ ನೋಡಿಕೊಳ್ಳುವ ಬೆಸ್ಟ್, ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದಂತಹ ಸಾರ್ವಜನಿಕ ಸಂಸ್ಥೆಯಾದರೆ ಮಾಹಿತಿ ಹಕ್ಕೇ ಸರಿ. ಅಧಿಕಾರಿಯ ಆಸ್ತಿವಿವರ ಕೇಳಿದರೆ ಖಾಸಗಿತನದ ಕಲಮು ತೋರಿಸಿ ವಾಪಸು ಕಳುಹಿಸಬಹುದು. ಟೆಂಡರ್ ಕಡತ, ಮೌಲ್ಯಮಾಪನ ಸಮಿತಿಯ ಟಿಪ್ಪಣಿ ಕೇಳಿ. ಖಾಸಗಿ ಕಂಪನಿಯ ಷೇರು ನಿಮ್ಮಲ್ಲಿದ್ದರೆ ರಿಜಿಸ್ಟರ್. ಬರೀ ಬಿಲ್ಲು ಕಟ್ಟುವವರಾದರೆ ಷೇರುಪೇಟೆಯ ಕೋಷ್ಟಕದಿಂದ ಆರಂಭಿಸಿ.