ಬ್ರಿಟನ್ನಿನ ಲಾಟರಿ, ಜರ್ಮನಿಯ ಅಂಕಗಳು: ಹೊಸ ಪದವೀಧರರಿಗೆ ಯಾವ ವೀಸಾ ಅರ್ಜಿ ವಾಸಿ?

ಪದವಿ ಮುಗಿದ ಕೂಡಲೇ ಹೊರದೇಶದಲ್ಲಿ ಕೆಲಸ ಮಾಡಬೇಕೆನ್ನುವವರಿಗೆ, ಯಾವ ಕಂಪನಿಯ ನೇಮಕಾತಿ ಪತ್ರವೂ ಕೈಯಲ್ಲಿಲ್ಲದೆ ತಾವೇ ಅರ್ಜಿ ಹಾಕಬಹುದಾದ ವೀಸಾಗಳು ಬಹಳ ಕಡಿಮೆ. ಅವುಗಳಲ್ಲಿ ನಾನು ಪ್ರಯತ್ನಿಸಿದ್ದು ಎರಡನ್ನು: ಬ್ರಿಟನ್ ಸರ್ಕಾರ ಭಾರತೀಯರಿಗಾಗಿಯೇ 2023ರಲ್ಲಿ ಆರಂಭಿಸಿದ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಮತ್ತು ಜರ್ಮನಿ 2024ರ ಜೂನ್ 1ರಿಂದ ಕೊಡತೊಡಗಿದ ಆಪರ್ಚುನಿಟಿ ಕಾರ್ಡ್, ಅಂದರೆ ಅಲ್ಲಿಯವರು ಚಾನ್ಸೆನ್‌ಕಾರ್ಟೆ ಎನ್ನುವ, ಉದ್ಯೋಗ ಹುಡುಕಲು ಒಂದು ವರ್ಷದವರೆಗೆ ಸಿಗುವ ವೀಸಾ. ಮೊದಲನೆಯದರಲ್ಲಿ ನನ್ನ ಹೆಸರು ಬರಲಿಲ್ಲ, ಎರಡನೆಯದು ಸಿಕ್ಕಿತು. ಆದರೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ನಾನು ಜರ್ಮನಿಯ ಪರವಾಗಿ ಬರೆಯುತ್ತಿಲ್ಲ. ಸಿಗದೆ ಹೋಗಿದ್ದರೂ ನನ್ನಂಥವರಿಗೆ ಅದನ್ನೇ ಸೂಚಿಸುತ್ತಿದ್ದೆ. ಅಮೆರಿಕದ ಕೆಲಸದ ವೀಸಾ ಎಚ್-1ಬಿ ಈ ಹೋಲಿಕೆಯಲ್ಲಿ ಇಲ್ಲ, ಏಕೆಂದರೆ ಅದಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ಕಂಪನಿಯೇ ಹೊರತು ನಾವಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಅನುಭವವಿಲ್ಲದ ಪದವೀಧರನಿಗಾಗಿ ಆ ಹಣ ಕಟ್ಟುವ ಕಂಪನಿಯನ್ನು ನಾನಂತೂ ಕಾಣೆ.

ಬ್ರಿಟನ್ನಿನ ಯೋಜನೆ ಕಾಗದದ ಮೇಲೆ ಅತ್ಯಂತ ಸರಳವಾದದ್ದು. ವಯಸ್ಸು 18ರಿಂದ 30 ವರ್ಷ ಆಗಿರಬೇಕು, ಪದವಿ ಇರಬೇಕು, 2,530 ಪೌಂಡ್ ಹಣ ಸತತ 28 ದಿನ ಖಾತೆಯಲ್ಲಿ ಇದ್ದಿರಬೇಕು. ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ. ಸಿಕ್ಕರೆ ಎರಡು ವರ್ಷ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು, ಕಂಪನಿ ಬದಲಾಯಿಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ಇಡೀ ಭಾರತಕ್ಕೆ ವರ್ಷಕ್ಕೆ ಇರುವ ಜಾಗ 3,000 ಮಾತ್ರ, ಮತ್ತು ಅವು ಹಂಚಿಕೆಯಾಗುವುದು ಲಾಟರಿಯಿಂದ. ಬ್ಯಾಲಟ್ ಎಂದು ಅವರು ಕರೆಯುವ ಈ ಲಾಟರಿ ಸಾಮಾನ್ಯವಾಗಿ ಫೆಬ್ರವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ತೆರೆದು 48 ಗಂಟೆಗಳಲ್ಲಿ ಮುಚ್ಚುತ್ತದೆ. ಪಾಸ್‌ಪೋರ್ಟಿನ ವಿವರ, ಅದರ ಚಿತ್ರ, ಫೋನ್ ಸಂಖ್ಯೆ ಮತ್ತು ಮಿಂಚಂಚೆ ಕೊಟ್ಟರೆ ಅಷ್ಟೇ, ಶುಲ್ಕವೂ ಇಲ್ಲ. ನಂತರ ಎರಡು ವಾರದೊಳಗೆ ಫಲಿತಾಂಶ ಬರುತ್ತದೆ. ಹೆಸರು ಬಾರದಿದ್ದಲ್ಲಿ ಮೇಲ್ಮನವಿ ಎಂಬುದಿಲ್ಲ, ಕಾರಣ ಹೇಳುವುದೂ ಇಲ್ಲ. ಹೇಳಲು ಕಾರಣವಾದರೂ ಏನಿರುತ್ತದೆ?

ನನಗೆ ಒಗ್ಗದ್ದು ಇದೇ. ಪದವಿಯಲ್ಲಿ ಚೆನ್ನಾಗಿ ಓದಿದವನಿಗೂ ಕಷ್ಟಪಟ್ಟು ತೇರ್ಗಡೆಯಾದವನಿಗೂ ಒಂದೇ ಚೀಟಿ. ಅದು ಅನ್ಯಾಯವೆಂದು ನಾನು ಹೇಳುವುದಿಲ್ಲ, ಒಂದು ಅರ್ಥದಲ್ಲಿ ಅದೇ ನ್ಯಾಯವಿರಬಹುದು. ಆದರೆ ಫೆಬ್ರವರಿಯಿಂದ ಜುಲೈವರೆಗೆ ಕಾಯುವ ಅವಧಿಯಲ್ಲಿ ನನ್ನ ಅವಕಾಶವನ್ನು ಹೆಚ್ಚಿಸಿಕೊಳ್ಳಲು ನಾನು ಮಾಡಬಹುದಾದ ಒಂದೇ ಒಂದು ಕೆಲಸವೂ ಇರಲಿಲ್ಲ. ಸಂಜೆ ಎರಡು ಗಂಟೆ ಕುಳಿತು ಏನನ್ನಾದರೂ ಕಲಿತರೆ ಅದು ಎಲ್ಲೋ ಲೆಕ್ಕಕ್ಕೆ ಬರಬೇಕು ಎನ್ನುವ ಅಭ್ಯಾಸದವನಿಗೆ ಇಂಥ ಕಾಯುವಿಕೆ ಹಿಂಸೆಯೇ ಸರಿ.

ಜರ್ಮನಿಯದು ಇದಕ್ಕೆ ನೇರ ವಿರುದ್ಧ. ಅಲ್ಲಿ ಎರಡು ದಾರಿಗಳಿವೆ. ನಿಮ್ಮ ಪದವಿ ಜರ್ಮನ್ ಪದವಿಗೆ ಸಮಾನವೆಂದು ಪೂರ್ಣ ಮಾನ್ಯತೆ ಪಡೆದಿದ್ದರೆ ನಿಮ್ಮನ್ನು ಕುಶಲ ಉದ್ಯೋಗಿ ಎಂದೇ ಪರಿಗಣಿಸುತ್ತಾರೆ, ಅಂಕಗಳ ಲೆಕ್ಕ ಬೇಕಿಲ್ಲ. ಇಲ್ಲವಾದರೆ, ಪದವಿ ಭಾರತದಲ್ಲಿ ಮಾನ್ಯವಾಗಿದ್ದು, ಎ1ರಿಂದ ಸಿ2ವರೆಗೆ ಏರುವ ಯುರೋಪಿನ ಭಾಷಾ ಮಟ್ಟಗಳಲ್ಲಿ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಇದ್ದು, ಆರು ಅಂಕ ಗಳಿಸಬೇಕು. ಆಗಷ್ಟೇ ಪದವಿ ಪಡೆದವರ ಮಟ್ಟಿಗೆ ಈ ಆರು ಅಂಕಗಳ ಲೆಕ್ಕವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಜಾಹೀರಾತುಗಳಲ್ಲಿ ಇದನ್ನು ತೀರಾ ಸುಲಭವೆಂಬಂತೆ ತೋರಿಸುತ್ತಾರೆ. 35 ವರ್ಷ ಮೀರದಿದ್ದರೆ ಎರಡು ಅಂಕ. ಎಂಜಿನಿಯರಿಂಗ್, ಐಟಿಯಂಥ ಕೊರತೆಯ ವೃತ್ತಿಯ ಓದಾಗಿದ್ದರೆ ಒಂದು. ಸಿ1 ಮಟ್ಟದ ಇಂಗ್ಲಿಷ್ ಇದ್ದರೆ ಮತ್ತೊಂದು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಏಳರ ಆಸುಪಾಸು ಎಂದಿಟ್ಟುಕೊಳ್ಳಿ. ಇಲ್ಲಿಗೆ ನಾಲ್ಕಾಯಿತು. ಕೆಲಸದ ಅನುಭವಕ್ಕೆ ಅಂಕ ಬರುವುದು ಕಳೆದ ಐದು ವರ್ಷಗಳಲ್ಲಿ ಎರಡು ವರ್ಷ ದುಡಿದವರಿಗೆ, ಹೊಸಬರಿಗೆ ಅದು ಸೊನ್ನೆ. ಉಳಿದದ್ದು ಜರ್ಮನ್ ಭಾಷೆ: ಎ2ಗೆ ಒಂದು, ಬಿ1ಗೆ ಎರಡು, ಬಿ2ಗೆ ಮೂರು. ಅಂದರೆ ಎ2 ಮುಗಿಸಿದವರು ಐದಕ್ಕೇ ನಿಲ್ಲುತ್ತಾರೆ. ಅನುಭವವಿಲ್ಲದ ಬಹುತೇಕರಿಗೆ ಬಿ1 ಬೇಕೇ ಬೇಕು.

ಬಿ1 ದೊಡ್ಡ ಗುಡ್ಡವೇ ಹೌದು, ಆದರೆ ಅದಕ್ಕೆ ಮೆಟ್ಟಿಲುಗಳಿವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರು, ಅಂದರೆ ಗೋಥೆ ಸಂಸ್ಥೆಯವರು ನಡೆಸುವ ಬಿ1 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿಯೂ ತೆಗೆದುಕೊಳ್ಳಬಹುದು. ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬಂದರೆ ಸಾಕು, ಒಂದರಲ್ಲಿ ಕಡಿಮೆಯಾದರೆ ಅದೊಂದನ್ನೇ ಮತ್ತೆ ಬರೆದರೆ ಆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿದವರಿಗೆ ಹೊಸ ಭಾಷೆಯ ಹೆದರಿಕೆ ಅಷ್ಟಾಗಿ ಇರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಪದವಿಯ ಮಾನ್ಯತೆಯನ್ನು ತಿಳಿಯಲು ಅನಾಬಿನ್ ಎಂಬ ಜರ್ಮನ್ ದತ್ತಸಂಚಯವಿದೆ. ವಿಶ್ವವಿದ್ಯಾಲಯದ ಹೆಸರಿನ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯ ಎಂಬ ಗುರುತು ಇರಬೇಕು, ಜೊತೆಗೆ ಪದವಿಯ ಶೀರ್ಷಿಕೆಯೂ ಸಮಾನವೆಂದು ದಾಖಲಾಗಿರಬೇಕು. ಕಾಲೇಜಿನ ಹೆಸರನ್ನು ಹುಡುಕುತ್ತಾ ಕೂರಬೇಡಿ, ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು ನೋಡಿ. ನನ್ನ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ ಇತ್ತು, ಆದರೆ ನನ್ನ ಶಾಖೆಯ ಶೀರ್ಷಿಕೆ ನನ್ನ ಪ್ರಮಾಣಪತ್ರದಲ್ಲಿದ್ದಂತೆ ಅಲ್ಲಿ ಸಿಗಲಿಲ್ಲ. ಹಾಗಾಗಿ 208 ಯೂರೋ ಕಟ್ಟಿ, ಜ್ಯಾಬ್ ಎಂದು ಕರೆಯಲಾಗುವ ಕೇಂದ್ರ ಕಚೇರಿಯಿಂದ ಪದವಿಯ ಮೌಲ್ಯಮಾಪನ ಪತ್ರ ತರಿಸಬೇಕಾಯಿತು. ನನ್ನ ತಾಳ್ಮೆಯನ್ನು ಪೂರ್ತಿ ಪರೀಕ್ಷಿಸಿದ ತೊಡಕು ಹುಟ್ಟಿದ್ದು ಇಲ್ಲಿಯೇ.

ಆ ತೊಡಕು ಹೆಸರಿನದು. ನಮ್ಮ ಕಡೆ ಬಹುತೇಕರಿಗೆ ಮನೆತನದ ಹೆಸರೆಂಬುದು ಇರುವುದಿಲ್ಲ, ಇರುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಘಟಿಕೋತ್ಸವದ ಪ್ರಮಾಣಪತ್ರದವರೆಗೆ ನನ್ನ ಹೆಸರಿನ ಜೊತೆ ಇರುವುದು ಎರಡು ಅಕ್ಷರಗಳು, ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲದ್ದರಿಂದ ಅವನ್ನು ಬಿಡಿಸಿ ಬರೆಯಬೇಕು. ಹಾಗೆ ಬರೆದಾಗ ನನ್ನ ಊರೂ ನನ್ನ ಅಪ್ಪನೂ ಸೇರಿ ನನ್ನ ಸರ್‌ನೇಮ್ ಆದರು. ಭಾರತದೊಳಗೆ ಇದು ಯಾರಿಗೂ ವಿಚಿತ್ರವಲ್ಲ. ಆದರೆ ಜರ್ಮನಿಯಲ್ಲಿ ಕುಳಿತು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರಿಗೆ, ಪಾಸ್‌ಪೋರ್ಟಿನಲ್ಲಿ ಇಷ್ಟುದ್ದದ ಸರ್‌ನೇಮ್ ಇರುವ ವ್ಯಕ್ತಿಯ ಪದವಿ ಪತ್ರದಲ್ಲಿ ಆ ಸರ್‌ನೇಮೇ ಇಲ್ಲ. ಅವರು ವಿವರಣೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದು ಒಂದೇ ಕಡೆ ಬಂದು ನಿಲ್ಲಲಿಲ್ಲ. ಹಣ ಕಳುಹಿಸುವ ಸಮಯಕ್ಕೆ ಅದೇ ತೊಡಕು ಬೇರೆ ರೂಪದಲ್ಲಿ ಎದುರಾಯಿತು. ಹಣ ಹೋಗಬೇಕಾದದ್ದು ಅಪ್ಪನ ಖಾತೆಯಿಂದ, ಸೇರಬೇಕಾದದ್ದು ಜರ್ಮನಿಯಲ್ಲಿ ನನ್ನ ಹೆಸರಿನಲ್ಲಿ ತೆರೆದ ಬ್ಲಾಕ್ಡ್ ಅಕೌಂಟಿಗೆ, ಅಂದರೆ ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಇಟ್ಟು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಗೆ. ನಾವು ತಂದೆ ಮಗ ಎಂದು ತೋರಿಸಿ ಎಂದರು ಬ್ಯಾಂಕಿನವರು. ಅಪ್ಪನ ಆಧಾರ್ ಕಾರ್ಡಿನಲ್ಲಿ ಅವರ ಹೆಸರು ಇಂಗ್ಲಿಷಿನ ‘ಇ’ ಅಕ್ಷರದಿಂದ ಆರಂಭವಾದರೆ ನನ್ನ ಪಾಸ್‌ಪೋರ್ಟಿನಲ್ಲಿ ‘ಐ’ ಅಕ್ಷರದಿಂದ. “ಯಜಮಾನ್ರೇ, ಇವೆರಡೂ ನಿಮ್ಮ ಹೆಸರೇ ಅಂತ ನನಗೆ ಗೊತ್ತು, ಆದರೆ ಕಂಪ್ಯೂಟರಿಗೆ ಗೊತ್ತಾಗಲ್ಲವಲ್ಲ” ಎಂದ ಆ ಅಧಿಕಾರಿ ಒಳ್ಳೆಯವರೇ. ಅವರ ಶಾಖೆಯಿಂದ ಹೊರದೇಶಕ್ಕೆ ಇಷ್ಟು ಹಣ ಅದುವರೆಗೆ ಹೋಗಿರಲಿಲ್ಲ, ಅಷ್ಟೇ.

ಎರಡಕ್ಕೂ ಪರಿಹಾರವಾದದ್ದು ಛಾಪಾ ಕಾಗದದ ಮೇಲಿನ ಅಫಿಡವಿಟ್. ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಇದಕ್ಕೆ ಸಿದ್ಧ ನಮೂನೆಯೇ ಇರುತ್ತದೆ, ಆದರೆ ಆ ನಮೂನೆಯಲ್ಲಿ ‘ಈ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು’ ಎಂಬ ಒಂದು ಸಾಲು ಬಿಟ್ಟು ಬೇರೇನೂ ಇರುವುದಿಲ್ಲ. ನಾನು ಅದಕ್ಕೆ ಮೊದಲ ಅಕ್ಷರ ಯಾವ ಊರಿನದು, ಎರಡನೆಯದು ಯಾರದು, ಯಾವ ದಾಖಲೆಯಲ್ಲಿ ಹೆಸರು ಹೇಗೆ ಅಚ್ಚಾಗಿದೆ ಎಂಬುದನ್ನು ದಾಖಲೆಯ ಸಂಖ್ಯೆ ಸಮೇತ ಇಂಗ್ಲಿಷಿನಲ್ಲಿ ಸೇರಿಸಿ, ನೋಟರಿ ಮುದ್ರೆ ಹಾಕಿಸಿದೆ. ಅಧಿಕಾರಿಗಳಿಗೆ ಬೇಕಾಗಿದ್ದದ್ದು ಆ ವಿವರವೇ. ಅಪ್ಪನ ಹೆಸರಿಗೂ ಅಂಥದ್ದೇ ಇನ್ನೊಂದು ಮಾಡಿಸಿದೆವು. ಮುಂದೆ ಎಲ್ಲಿಯೂ ಈ ಪ್ರಶ್ನೆ ಏಳಲಿಲ್ಲ. ಬ್ರಿಟನ್ನಿನ ಲಾಟರಿಯಲ್ಲಿ ಪಾಸ್‌ಪೋರ್ಟಿನ ವಿವರವಷ್ಟೇ ಸಾಕಾದ್ದರಿಂದ ಆ ಹಂತದಲ್ಲಿ ಈ ತಾಪತ್ರಯವಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಆಯ್ಕೆಯಾದ ಮೇಲೆ ಪದವಿಯ ಪುರಾವೆ ಅವರೂ ಕೇಳುತ್ತಾರೆ.

ಇದೇ ಸಮಯದಲ್ಲಿ ಒಬ್ಬ ಏಜೆಂಟರು ಎಲ್ಲ ದಾಖಲೆಗಳಿಗೂ ಅಪೊಸ್ಟಿಲ್, ಅಂದರೆ ಹೊರದೇಶಗಳಲ್ಲಿ ಬಳಸಲು ದಾಖಲೆ ಅಸಲಿಯೆಂದು ದೃಢೀಕರಿಸುವ ಮುದ್ರೆ ಹಾಕಿಸಿಕೊಡುವುದಾಗಿ ಹೇಳಿ ದೊಡ್ಡ ಮೊತ್ತ ಕೇಳಿದರು. ಭಾರತದ ಅಪೊಸ್ಟಿಲ್ ಅನ್ನು ಜರ್ಮನಿ ಒಪ್ಪುವುದಿಲ್ಲ. ಉಚಿತವಾದ ಬ್ರಿಟನ್ ಲಾಟರಿಗೆ ನೋಂದಾಯಿಸಲೂ ಅವರಲ್ಲಿ ದರವಿತ್ತು. ಊರಿನಿಂದ ಬಂದು ಇಂಥವರ ಮುಂದೆ ಕೂರುವ ತಂದೆ ತಾಯಿಯರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನು ಹಣದ ಮಾತು. ಮೇಲ್ನೋಟಕ್ಕೆ ಬ್ರಿಟನ್ ಅಗ್ಗ. ಖಾತೆಯಲ್ಲಿ ತೋರಿಸಬೇಕಾದದ್ದು ಸುಮಾರು ಮೂರು ಲಕ್ಷ ರೂಪಾಯಿ. ಜರ್ಮನಿಗೆ ತಿಂಗಳಿಗೆ 1,091 ಯೂರೋದಂತೆ ವರ್ಷಕ್ಕೆ 13,092 ಯೂರೋ, ಅಂದರೆ ಹದಿಮೂರು ಲಕ್ಷಕ್ಕೂ ಮೇಲೆ. ವಿದ್ಯಾರ್ಥಿಗಳಿಗೆ ಬೇಕಾಗುವ 11,904 ಯೂರೋಗಿಂತಲೂ ಇದು ಹೆಚ್ಚು, ಮೇಲಾಗಿ ನಾವು ವಿಚಾರಿಸಿದ ಯಾವ ಬ್ಯಾಂಕೂ ಇದಕ್ಕೆ ಶಿಕ್ಷಣ ಸಾಲ ಕೊಡಲಿಲ್ಲ. ಆದರೂ ನಾನು ಲೆಕ್ಕ ಹಾಕಿದ್ದು ಬೇರೆ ರೀತಿ. ಬ್ರಿಟನ್ನಿನಲ್ಲಿ 2025ರ ದರದಂತೆ 319 ಪೌಂಡ್ ವೀಸಾ ಶುಲ್ಕದ ಜೊತೆಗೆ ಎರಡು ವರ್ಷದ ಆರೋಗ್ಯ ಶುಲ್ಕವೆಂದು 1,552 ಪೌಂಡ್ ಮೊದಲೇ ಕಟ್ಟಬೇಕು, ಅದು ಕೊಟ್ಟ ಹಣ, ಉಳಿತಾಯವಲ್ಲ. ಜರ್ಮನಿಯ ವೀಸಾ ಶುಲ್ಕ 75 ಯೂರೋ; ಬ್ಲಾಕ್ಡ್ ಅಕೌಂಟಿನ ಹಣ ನಮ್ಮದೇ ಆಗಿದ್ದು, ಅಲ್ಲಿಗೆ ಹೋದ ಮೇಲೆ ತಿಂಗಳಿಗಿಷ್ಟೆಂದು ನಮ್ಮ ಕೈಗೇ ಬರುತ್ತದೆ, ಬೇಗ ಕೆಲಸ ಸಿಕ್ಕಿದರೆ ಉಳಿಯುತ್ತದೆ. ನಮ್ಮದು ಅಡಿಕೆ ತೋಟದ ಮನೆ. ಫಸಲು ಮಾರಿದ ಹಣವನ್ನು ಒಂದು ವರ್ಷ ಇಂಥ ಕಡೆ ಇಡಲು ಅಪ್ಪ ಒಪ್ಪಿದರು. ಹಿಂತಿರುಗದ ಶುಲ್ಕವಾಗಿದ್ದರೆ ನಾನೇ ಕೇಳುತ್ತಿರಲಿಲ್ಲ.

ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿದಿರಬೇಕು. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೀಗೆ ಹೊರಗೆ ಕಳುಹಿಸುವ ಹಣ ಹತ್ತು ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇಕಡ 20ರಷ್ಟು ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಅರವತ್ತು ಸಾವಿರ ದಾಟಿತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅಪ್ಪ ಎಂದೂ ರಿಟರ್ನ್ ಸಲ್ಲಿಸಿದವರಲ್ಲ. ಈ ಹಣ ವಾಪಸು ಪಡೆಯಲು ಅವರ ಪ್ಯಾನ್ ಸಂಖ್ಯೆಯಲ್ಲಿ ರಿಟರ್ನ್ ಸಲ್ಲಿಸಲೇಬೇಕು.

ಜರ್ಮನಿಯ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಬೆರಳಚ್ಚಿಗೆ ಮಾತ್ರ ಹೋಗಬೇಕು. ಕಾರ್ಡ್ ಇದ್ದಾಗ ವಾರಕ್ಕೆ 20 ಗಂಟೆ ಅರೆಕಾಲಿಕ ಕೆಲಸಕ್ಕೆ ಅನುಮತಿಯುಂಟು, ಪೂರ್ಣಾವಧಿ ಕೆಲಸ ಸಿಕ್ಕ ಮೇಲೆ ವೀಸಾ ಬದಲಾಯಿಸಬೇಕು. ಬ್ರಿಟನ್ನಿನಲ್ಲಿ ಮೊದಲ ದಿನದಿಂದಲೇ ಪೂರ್ಣ ದುಡಿಮೆ. ಇದು ದೊಡ್ಡ ಅನುಕೂಲ, ಅಲ್ಲಗಳೆಯುವಂತಿಲ್ಲ. ಆದರೆ ಎರಡು ವರ್ಷದ ನಂತರ ಅದು ಮುಂದುವರಿಯುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಯಿಸಲು ಹೋದರೆ 2025ರ ಜುಲೈಯಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ರಿಯಾಯಿತಿ ಇದ್ದರೂ 33,400. ಪದವೀಧರ ಉದ್ಯೋಗಿಗಳಿಗೆ ಜರ್ಮನಿ ಕೊಡುವ ಕೆಲಸದ ಪರವಾನಗಿಯಾದ ಬ್ಲೂ ಕಾರ್ಡಿನಲ್ಲಿ ಪದವಿ ಮುಗಿದು ಮೂರು ವರ್ಷದೊಳಗಿನವರಿಗೆ ಮಿತಿಯೇ ಕಡಿಮೆ, 2025ರಲ್ಲಿ 43,759.80 ಯೂರೋ ಇತ್ತು. ಆ ಕಾರ್ಡಿನ ಮೇಲೆ 21 ತಿಂಗಳು ದುಡಿದವರಿಗೆ, ಬಿ1 ಭಾಷೆ ಇದ್ದರೆ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕುವ ಹಕ್ಕಿದೆ; ಎ1 ಮಾತ್ರ ಇದ್ದರೆ 27 ತಿಂಗಳು. ನನ್ನ ಮೌಲ್ಯಮಾಪನ ಪತ್ರ ಸಮಾನವೆಂದೇ ಬಂದದ್ದರಿಂದ ಕೊನೆಗೆ ಆರು ಅಂಕಗಳ ಲೆಕ್ಕ ನನಗೆ ಬೇಕಾಗಲಿಲ್ಲ. ಆದರೂ ಆ ಪತ್ರವನ್ನು ಕಾಯುತ್ತಾ ಕಲಿತ ಬಿ1 ಹೀಗೆ ಮುಂದಿನ ಹಂತದಲ್ಲಿ ಆರು ತಿಂಗಳನ್ನು ಉಳಿಸುತ್ತದೆ.

ಈ ವರ್ಷ ಪದವಿ ಮುಗಿಸಿದ ನನ್ನ ಚಿಕ್ಕಪ್ಪನ ಮಗನಿಗೆ ನಾನು ಹೇಳಿರುವುದು ಇಷ್ಟು: ಲಾಟರಿಗೆ ಖರ್ಚಿಲ್ಲ, ಆದ್ದರಿಂದ ತೆರೆದಾಗ ಹೆಸರು ಹಾಕು, ಆದರೆ ಅದನ್ನು ನಂಬಿ ಕೂರಬೇಡ, ಜರ್ಮನ್ ತರಗತಿಗೆ ಈಗಲೇ ಸೇರು. ಹದಿಮೂರು ಲಕ್ಷ ಒಂದು ವರ್ಷ ಕಟ್ಟಿಹಾಕಲು ಯಾವ ರೀತಿಯಲ್ಲೂ ಆಗದ ಮನೆಯವರಿಗೆ ಕಡಿಮೆ ಮೊತ್ತದ ಬ್ರಿಟನ್ ಯೋಜನೆಯೇ ನಿಲುಕುವಂಥದ್ದು, ಅಂಥವರು ಎರಡೂ ಸುತ್ತಿನಲ್ಲಿ ತಪ್ಪದೆ ಪ್ರಯತ್ನಿಸಲಿ. ಜರ್ಮನಿಯಲ್ಲೇ ಇರುವ ನೆಂಟರು ಯಾರಾದರೂ ಖರ್ಚಿನ ಹೊಣೆ ಹೊತ್ತು ಅಲ್ಲಿನ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಡಲು ಸಿದ್ಧರಿದ್ದರೆ, ಅಥವಾ ಅಲ್ಲಿನ ಅರೆಕಾಲಿಕ ಕೆಲಸದ ಕರಾರು ಮೊದಲೇ ಸಿಕ್ಕಿ ಅದರ ಸಂಬಳದಿಂದ ಖರ್ಚು ಸರಿಹೋಗುವಂತಿದ್ದರೆ, ಬ್ಲಾಕ್ಡ್ ಅಕೌಂಟಿನ ಬದಲು ಅದನ್ನೂ ಒಪ್ಪುತ್ತಾರೆ.