ಡಚ್ ಕೋಟೆ ಚಿತ್ರದ ಕ್ಯಾನ್ವಾಸ್ ಪ್ರಿಂಟ್: ಬಣ್ಣ ಏರಿಸಬೇಡಿ ಅಂತ ಮೊದಲೇ ಹೇಳಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಒಂದು ಫ್ರೇಮ್ ಅಂಗಡಿಯಲ್ಲಿ ಹಾಲ್‌ಗೆ ಅಂತ ಕ್ಯಾನ್ವಾಸ್ ಪ್ರಿಂಟ್ ಮಾಡಿಸಿದೆ. ಅಳತೆ 24 ಇಂಚು, 36 ಇಂಚು. ಕೊನೆಗೆ ಕೈಗೆ ಬಂದದ್ದು ಚೆನ್ನಾಗಿದೆ. ಮೊದಲ ಸಲ ಕೊಟ್ಟದ್ದು ಮಾತ್ರ ಗೋಡೆಗೆ ಹಾಕುವಂತಿರಲಿಲ್ಲ.

ಚಿತ್ರ ಯಾನ್ ವಾನ್ ಗೋಯೆನ್‌ನದು. 1596ರಲ್ಲಿ ಲೈಡನ್‌ನಲ್ಲಿ ಹುಟ್ಟಿದ ಡಚ್ ಕಲಾವಿದ. ನೆದರ್ಲೆಂಡ್ಸ್‌ನ ವಾಲ್ ನದಿ ದಂಡೆಯ ನೈಮೇಗನ್ ಊರಲ್ಲಿ ಫಾಲ್ಕ್‌ಹೋಫ್ ಅಂತ ಒಂದು ಕೋಟೆ ಇತ್ತು, ಅದನ್ನು ಈತ ಮತ್ತೆ ಮತ್ತೆ ಬರೆದಿದ್ದಾನೆ, ನಾನು ಅದರಲ್ಲೊಂದು ಆರಿಸಿಕೊಂಡೆ. ದಿಬ್ಬದ ಮೇಲೆ ಗೋಪುರ, ಕೆಳಗೆ ದಂಡೆಗೆ ಅಂಟಿಕೊಂಡ ಮನೆಗಳು, ಜನ ದನ ಎಲ್ಲಾ ತುಂಬಿಕೊಂಡು ಹೊಳೆ ದಾಟುವ ದೋಣಿ, ಮೇಲೆ ಅರ್ಧಕ್ಕಿಂತ ಜಾಸ್ತಿ ಬರೀ ಮೋಡ. ಬಣ್ಣ ಅಂದ್ರೆ ಕಂದು, ಬೂದಿ, ಒಂಚೂರು ಹಸಿರು, ಅಷ್ಟೇ. ಈತ ಬಣ್ಣವನ್ನು ಎಷ್ಟು ತೆಳುವಾಗಿ ಹಚ್ಚುತ್ತಿದ್ದ ಅಂದ್ರೆ ಕೆಲವು ಚಿತ್ರಗಳಲ್ಲಿ ಹಿಂದಿನ ಹಲಗೆಯ ಗೆರೆ ಕೂಡ ಕಾಣುತ್ತದೆ. ಸಾವಿರದಷ್ಟು ಚಿತ್ರ ಬರೆದೂ, 1637ರಲ್ಲಿ ಟ್ಯೂಲಿಪ್ ಹೂವಿನ ಗಡ್ಡೆ ಮೇಲೆ ಸಟ್ಟಾ ಆಡಿ ಕಳೆದುಕೊಂಡು, 1656ರಲ್ಲಿ ಸಾಯುವಾಗಲೂ ಸಾಲದಲ್ಲೇ ಇದ್ದ. ನಮ್ಮ ತೊಗರಿ ರೇಟೇ ವಾಸಿ ಅಲ್ವಾ?

ಮೊದಲ ಪ್ರಿಂಟ್ ಬಿಚ್ಚಿ ನೋಡಿದರೆ ಆಕಾಶ ನೀಲಿ. ಹೊಳೆ ನೀಲಿ. ಕೋಟೆ ಗೋಡೆ ಕಿತ್ತಳೆ. ಮೇಲೆ ಮಿರಮಿರ ಲ್ಯಾಮಿನೇಷನ್ ಬೇರೆ. ಕೇಳಿದ್ದಕ್ಕೆ ಅಂಗಡಿಯವರು, "ಸರ, ನೀವು ಕೊಟ್ಟ ಫೋಟೋ ಭಾಳ ಡಲ್ ಅದರಿ, ಅದಕ್ಕೇ ಕಲರ್ ಏರ್ಸೀನ್ರಿ" ಅಂದರು. ಒಳ್ಳೇದಾಗಲಿ ಅಂತಲೇ ಮಾಡಿದ್ದು, ಬೈಯೋಕೂ ಆಗಲ್ಲ. ಇದು ದೇವದೇವಿಯರ ಚಿತ್ರ ಬರೆದ ಕಲಾವಿದ ಎಸ್.ಎಂ. ಪಂಡಿತರ ಊರು, ದೇವಿ ಚಿತ್ರದಲ್ಲಿ ಬಣ್ಣ ಉರಿಯಬೇಕು, ಸರಿ. ಆದರೆ ಇಲ್ಲಿ ಆಚೆ ದಂಡೆ, ನೀರು, ಮೋಡ ಮೂರೂ ಒಂದೇ ಮಬ್ಬಿನಲ್ಲಿ ಸೇರಿಹೋಗುವುದೇ ಗಮ್ಮತ್ತು. ಬಣ್ಣ ಏರಿಸಿದ ಕೂಡಲೇ ಒಂದೊಂದೂ ಕತ್ತರಿಸಿ ಅಂಟಿಸಿದಂತೆ ಆಯಿತು. ದೋಣಿಯವರ ಟೋಪಿ, ದನದ ಬೆನ್ನು ಎಲ್ಲಾ ಬರೀ ಕಪ್ಪು ಚುಕ್ಕೆ.

ಜಗಳ ಆಗಲಿಲ್ಲ. ಅರ್ಧ ದುಡ್ಡು ತಗೊಂಡು ಮತ್ತೆ ಪ್ರಿಂಟ್ ಹಾಕಿದರು. ಈ ಸಲ ಮ್ಯಾಟ್ ಕ್ಯಾನ್ವಾಸ್, ಲ್ಯಾಮಿನೇಷನ್ ಇಲ್ಲ, ಗ್ಲಾಸ್ ಇಲ್ಲ, ಫೈಲ್‌ನಲ್ಲಿ ಇದ್ದ ಬಣ್ಣ ಇದ್ದ ಹಾಗೇ. ಈಗ ಹತ್ತಿರ ಹೋದರೆ ದೋಣಿಯಂಚಿಗೆ ಬಾಗಿ ಕೂತವನು ಕಾಣುತ್ತಾನೆ, ಅವನ ಕೆಳಗೆ ನೀರಲ್ಲಿ ನೆರಳೂ ಕಾಣುತ್ತದೆ.

ಮನೆಗೆ ಬಂದವರು ಕೇಳುವುದು, "ಇದು ಫಿರೋಜಾಬಾದ್ ಏನ್ರಿ?" ಭೀಮಾ ದಂಡೆಯಲ್ಲಿ ಫಿರೋಜ್ ಶಾ ಬಹಮನಿ ಕಟ್ಟಿಸಿದ ಕೋಟೆ, ನೋಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ಧೂಳು ಎದ್ದಾಗ ಅಲ್ಲೂ ಹೊಳೆ, ಗೋಡೆ, ಆಕಾಶ ಎಲ್ಲಾ ಇದೇ ಬಣ್ಣ. ನಮ್ಮದು ಹಾಳು ಬಿದ್ದಾದರೂ ನಿಂತಿದೆ. ಫಾಲ್ಕ್‌ಹೋಫ್ ಕೋಟೆಯನ್ನು 1790ರ ದಶಕದಲ್ಲಿ ಅಲ್ಲಿಯವರೇ ಕೆಡವಿಹಾಕಿದರು, ಒಂದು ಚಿಕ್ಕ ಪ್ರಾರ್ಥನಾ ಮಂದಿರ, ಇನ್ನೊಂದು ಮುರುಕು ಕಟ್ಟಡ ಬಿಟ್ಟರೆ ಏನೂ ಉಳಿದಿಲ್ಲ.

ಮಾಡಿಸುವವರು ಮೊಬೈಲ್‌ನಲ್ಲಿ ಸಿಕ್ಕ ಚಿಕ್ಕ ಫೋಟೋ ಕೊಡಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಥರದವರು ಹಳೇ ಚಿತ್ರಗಳ ದೊಡ್ಡ ಫೈಲ್ ಪುಕ್ಕಟೆ ಕೊಡುತ್ತಾರೆ. ಅದನ್ನು ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಬಿಡುತ್ತೆ. ಮೊದಲು ಎ4 ಸೈಜ್‌ನಲ್ಲಿ ಒಂದು ಸ್ಯಾಂಪಲ್ ತೆಗೆಸಿ. ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ, ನಮ್ಮೂರ ಬಿಸಿಲಿಗೆ ಯಾವ ಇಂಕೂ ಜಾಸ್ತಿ ದಿನ ತಾಳಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಫ್ರೇಮಿನ ಒಂದು ಮೂಲೆಯಲ್ಲಿ ಉಗುರು ಹೋಗುವಷ್ಟು ಸಂದಿ ಬಿಟ್ಟಿದ್ದಾರೆ, ಅದಕ್ಕೇ ಒಂದು ಕಡಿಮೆ.