ಬಾರ್ಸಿಲೋನಾದಲ್ಲಿ ಸಂಜೆ ಆರೂವರೆಗೆ ಹಸಿವಾದರೆ ಲಾ ರಾಂಬ್ಲಾ ಕಡೆ ಹೋಗಬೇಡಿ

ಮೊದಲು ಬಿಲ್ ಹೇಳಿಬಿಡುತ್ತೇನೆ. ಇಬ್ಬರಿಗೆ 73 ಯೂರೋ 26 ಸೆಂಟ್. ಆಗ ಯೂರೋಗೆ ಹೆಚ್ಚುಕಮ್ಮಿ 90 ರೂಪಾಯಿ ಇತ್ತು, ಅಂದರೆ 6,600 ರೂಪಾಯಿ ಹತ್ತಿರ. ತಿಂದಿದ್ದು ಹಳದಿ ಅನ್ನ, ಒಂದು ತಟ್ಟೆ ಹುರಿದ ಆಲೂಗಡ್ಡೆ, ಎಂಟೋ ಹತ್ತೋ ಆಲಿವ್ ಕಾಯಿ. ರಾತ್ರಿ ರೂಮಿಗೆ ಬಂದು ಊರಿಂದ ತಂದಿದ್ದ ಚಕ್ಕುಲಿ ತಿಂದು ಮಲಗಿದೆವು.

ಇದು 2024ರ ಫೆಬ್ರವರಿ 29ರ ಕಥೆ. ಬಾರ್ಸಿಲೋನಾದಲ್ಲಿ ವರ್ಷವರ್ಷ ನಡೆಯುವ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಅನ್ನುವ ಮೊಬೈಲ್ ಉದ್ಯಮದ ಮೇಳಕ್ಕೆ ಬೆಂಗಳೂರಿನ ಕಂಪನಿಗಳಿಂದ ಸಿಕ್ಕಾಪಟ್ಟೆ ಜನ ಹೋಗುತ್ತಾರೆ. ನಾವೂ ಹೋಗಿದ್ದೆವು. ನಾನು, ಮತ್ತೆ ನಮ್ಮ ಟೀಮಿನ ಒಬ್ಬ ಮಂಡ್ಯದ ಹುಡುಗ. ನಾನು ಸಸ್ಯಾಹಾರಿ, ಮೊಟ್ಟೆ ನಡೆಯುತ್ತದೆ. ಅವನಿಗೆ ಎಲ್ಲವೂ ನಡೆಯುತ್ತದೆ.

ಅವತ್ತು ಮೇಳದ ಕೊನೇ ದಿನ. ಸ್ಟಾಲ್ ಬಿಚ್ಚುವ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ತಪ್ಪಿತು. ಮೇಳದ ಹತ್ತಿರದ ಯುರೋಪಾ ಫಿರಾ ಸ್ಟೇಷನ್‌ನಿಂದ ರೈಲು ಹಿಡಿದು ಎಸ್ಪಾನ್ಯಾಗೆ ಬಂದು, ಅಲ್ಲಿಂದ ಹಸಿರು ಲೈನ್ ಮೆಟ್ರೋದಲ್ಲಿ ಲಾ ರಾಂಬ್ಲಾದ ಲಿಸೇಉ ಸ್ಟೇಷನ್‌ನಲ್ಲಿ ಇಳಿದಾಗ ಸಂಜೆ ಆರೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ನಾವು ಕೆಟ್ಟಿದ್ದು ಇಲ್ಲೇ. ಸ್ಪೇನ್‌ನಲ್ಲಿ ಊಟಕ್ಕೆ ಅದರದ್ದೇ ಗಂಟೆ ಇದೆ. ಮಧ್ಯಾಹ್ನದ ಊಟ ಒಂದರಿಂದ ನಾಲ್ಕರವರೆಗೆ. ಆಮೇಲೆ ಒಳ್ಳೆ ಹೋಟೆಲುಗಳ ಅಡುಗೆಮನೆ ಮುಚ್ಚುತ್ತದೆ. ಮತ್ತೆ ಒಲೆ ಹಚ್ಚುವುದು ರಾತ್ರಿ ಎಂಟೂವರೆ ಹೊತ್ತಿಗೆ. ಆರೂವರೆಗೆ ಊರಿನವರು ಯಾರೂ ಊಟಕ್ಕೆ ಕೂರುವುದಿಲ್ಲ. ಆ ಹೊತ್ತಲ್ಲಿ ದೊಡ್ಡ ಬೋರ್ಡ್ ಹಾಕಿಕೊಂಡು "ಬನ್ನಿ ಬನ್ನಿ" ಅನ್ನುವ ಜಾಗ ಯಾರಿಗೆ ಅಡುಗೆ ಮಾಡುತ್ತಿದೆ? ನಮ್ಮಂಥವರಿಗೆ.

ಲಾ ರಾಂಬ್ಲಾ ಅಂದರೆ ಕತಲೂನ್ಯಾ ಚೌಕದಿಂದ ಬಂದರಿನ ಹತ್ತಿರದ ಕೊಲಂಬಸ್ ಕಂಬದವರೆಗೆ ಇರುವ ಮರಗಳ ಸಾಲಿನ ರಸ್ತೆ. ನಡುವೆ ನಡೆಯುವ ಹಾದಿ, ಅದರ ಮೇಲೇ ಹೋಟೆಲುಗಳ ಕುರ್ಚಿ ಮೇಜು. ಒಂದು ಮೇಜಿನ ಪಕ್ಕ ಕೋಟು ಹಾಕಿದ ಮನುಷ್ಯ ನಿಂತಿದ್ದ. ನಮ್ಮ ಮುಖ ನೋಡಿದವನೇ, "ಇಂಡಿಯಾ? ನಮಸ್ತೆ! ವೆಜಿಟೇರಿಯನ್ ಪಾಯೆಯಾ!" ಅಂದ. ನಮಸ್ತೆ ಅಂದರೆ ಸಾಕು, ನಾವು ಕರಗಿಬಿಡುತ್ತೇವೆ ಅಲ್ವಾ? ಪಾಯೆಯಾ ಅಂದರೆ ಅಗಲ ಬಾಣಲಿಯಲ್ಲಿ ಮಾಡುವ ಸ್ಪೇನ್‌ನ ಹಳದಿ ಅನ್ನ. ಬೋರ್ಡಿನಲ್ಲಿ ಎಂಟು ಬಗೆಯ ಪಾಯೆಯಾ ಫೋಟೋ, ಕೆಳಗೆ 14.90 ಅಂತ ಬೆಲೆ. ಕೂತೆವು.

ಕೂರುತ್ತಿದ್ದಂತೆ ಬ್ರೆಡ್ ಬಂತು. ಆಲಿವ್ ಬಂತು. ನಾವು ಕೇಳಿರಲಿಲ್ಲ. ನಮ್ಮ ಕಡೆ ಬಾಳೆಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಇದು ಊಟದ ಜೊತೆಗೇ ಸೇರಿದ್ದು ಅಂದುಕೊಂಡೆವು. ಹುಡುಗ "ಒಂದು ಬಿಯರ್" ಅಂದ. ಮಾಣಿ "ಲಾರ್ಜ್?" ಅಂದ. ಇವನು ತಲೆ ಆಡಿಸಿದ. ಬಂದಿದ್ದು ಎರಡು ಕೈಯಲ್ಲಿ ಎತ್ತಬೇಕಾದ ಒಂದು ಲೀಟರ್ ಜಗ್ಗು. ಊರಿನವರು ಚಿಕ್ಕ ಗ್ಲಾಸಿಗೆ "ಕಾನ್ಯಾ" ಅನ್ನುತ್ತಾರೆ. ಆ ಒಂದು ಪದ ಗೊತ್ತಿದ್ದರೆ ಹತ್ತು ಯೂರೋ ಉಳಿಯುತ್ತಿತ್ತು.

ಪಾಯೆಯಾ ಏಳು ನಿಮಿಷಕ್ಕೆ ಬಂತು. ಫಾಸ್ಟ್ ಸರ್ವಿಸ್ ಅಂತ ನಾನು ಮೆಚ್ಚಿಕೊಂಡೆ. ಅಕ್ಕಿಯಿಂದ ಶುರುಮಾಡಿ ಅಗಲ ಬಾಣಲಿಯಲ್ಲಿ ಬೇಯಿಸಿದರೆ ಅದಕ್ಕೆ ಕಮ್ಮಿ ಅಂದರೂ ಇಪ್ಪತ್ತು ನಿಮಿಷ ಬೇಕು. ತಳದಲ್ಲಿ ಕಂದು ಬಣ್ಣದ ಗರಿಗರಿ ಪದರ ಹಿಡಿಯಬೇಕು, ಅದಕ್ಕೇ ಜನ ಕಿತ್ತಾಡುತ್ತಾರೆ. ನಮ್ಮದರಲ್ಲಿ ಅಂಚು ಸುಡುಸುಡು, ನಡುವೆ ತಣ್ಣಗೆ. ಹುಡುಗ ಒಂದು ತುತ್ತು ಬಾಯಿಗಿಟ್ಟು ಹೇಳಿದ, "ಅಕ್ಕ, ಇದು ಬೇಯ್ಸಿದ್ದಲ್ಲ ಕಣಕ್ಕ, ಬಿಸಿ ಮಾಡಿದ್ದು." ಬಣ್ಣ ಮಾತ್ರ ನಮ್ಮ ಚಿತ್ರಾನ್ನಕ್ಕಿಂತ ಗಾಢ.

ನನ್ನ ತಟ್ಟೆಯಲ್ಲಿ ಒಂದು ಕೆಂಪು ಎಳೆ ಕಂಡಿತು. ಪರವಾಗಿಲ್ಲ, ಕೇಸರಿ ಹಾಕಿದ್ದಾರೆ ಅಂತ ಖುಷಿಯಾಯಿತು. ಫೋರ್ಕಿನಲ್ಲಿ ಎಳೆದೆ. ಬರುತ್ತಲೇ ಇತ್ತು. ಹೆಚ್ಚುಕಮ್ಮಿ ನನ್ನ ಕಿರುಬೆರಳಿನಷ್ಟು ಉದ್ದ. ಹುಡುಗ ಬಗ್ಗಿ ನೋಡಿ, "ಕೇಸರಿ ಅಲ್ಲ ಅಕ್ಕ, ಸೀಗಡಿ ಮೀಸೆ" ಅಂದ.

ಮಾಣಿಯನ್ನು ಕರೆದೆ. ಅವನು ಮೀಸೆಯನ್ನು ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು, "ನೋ ಮೀಟ್, ನೋ ಮೀಟ್" ಅಂತ ನಗುತ್ತಾ ಹೋದ. ಅವನ ಪ್ರಕಾರ ಸಮಸ್ಯೆ ಮುಗಿದಿತ್ತು. ನಾನು ಆಲೂಗಡ್ಡೆಗೆ ಬಂದೆ.

ಬಿಲ್ ಹೀಗಿತ್ತು. ಪಾಯೆಯಾ ಎರಡು, 29.80. ಒಂದೇ ತರಿಸೋಣ ಅಂದಿದ್ದೆವು, ಕನಿಷ್ಠ ಇಬ್ಬರ ಲೆಕ್ಕ ಅಂದಿದ್ದರು. ಬ್ರೆಡ್ 5. ಆಲಿವ್ 3.90. ಬಿಯರ್ 14.50. ನೀರಿನ ಬಾಟಲಿ 4.50. ಆಲೂಗಡ್ಡೆ 8.90. ಇದರ ಮೇಲೆ ಹೊರಗೆ ಕೂತಿದ್ದಕ್ಕೆ ಶೇಕಡಾ 10, ಅಂದರೆ 6.66. ಗಾಳಿಗೂ ದುಡ್ಡು! ಜಗಳಕ್ಕೆ ನಿಂತೆ. ಅವನು ಮೆನು ತಂದು ಕೊನೇ ಪುಟದ ಕೆಳಗೆ ಬೆರಳಿಟ್ಟ. ಇರುವೆ ಸಾಲಿನಂಥ ಅಕ್ಷರ. ಬ್ರೆಡ್ಡೂ ಅಲ್ಲೇ ಇತ್ತು, ಆಲಿವೂ ಅಲ್ಲೇ ಇತ್ತು. ಆಮೇಲೆ ಪೆನ್ನು ತೆಗೆದು ಬಿಲ್ ಮೇಲೆ "ಟಿಪ್ಸ್ ಸೇರಿಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದು ಸುತ್ತ ಒಂದು ವೃತ್ತ ಎಳೆದ. ಆ ವೃತ್ತ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೊಡಲಿಲ್ಲ. ಅಲ್ಲಿ ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ, ಊರಿನವರು ಚಿಲ್ಲರೆ ಬಿಟ್ಟು ಎದ್ದು ಹೋಗುತ್ತಾರೆ ಅಷ್ಟೇ. ಕಾರ್ಡ್ ಮಷೀನು ರೂಪಾಯಿಯೋ ಯೂರೋವೋ ಅಂತ ಕೇಳಿತು. ರೂಪಾಯಿ ಒತ್ತಿದರೆ ರೇಟಿನಲ್ಲಿ ಇನ್ನೊಂದು ಏಟು. ಯೂರೋ ಒತ್ತಿ.

ನಮ್ಮ ಸ್ಟಾಲಿನಲ್ಲಿ ನಾಲ್ಕು ದಿನ ಕೆಲಸ ಮಾಡಿದ ಬಾರ್ಸಿಲೋನಾದ ಹುಡುಗಿಗೆ ರಾತ್ರಿ ಮೆಸೇಜ್ ಹಾಕಿ ಗೋಳು ಹೇಳಿಕೊಂಡೆ. ಅವಳು ಮೊದಲು ಒಂದು ಸಾಲು ನಗುವ ಮುಖ ಕಳಿಸಿದಳು. ಆಮೇಲೆ ಉದ್ದಕ್ಕೆ ಬರೆದಳು. ಬ್ರೆಡ್ಡು ಆಲಿವು ಮೇಜಿಗೆ ಬಂದ ಕೂಡಲೇ ಬೇಡ ಅಂತ ವಾಪಸ್ ಕಳಿಸಬೇಕಂತೆ, ಮುಟ್ಟಬಾರದಂತೆ. 2022ರ ಕಾನೂನಿನ ಪ್ರಕಾರ ಹೋಟೆಲಿನವರು ನಲ್ಲಿ ನೀರನ್ನು ಬಿಟ್ಟಿ ಕೊಡಬೇಕು, "ಆಗುವಾ ದೆಲ್ ಗ್ರಿಫೋ" ಅಂತ ಕೇಳಬೇಕು. (ಮಾರನೇ ದಿನ ಕುಡಿದೆ. ನಮ್ಮ ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕಿದ ಹಾಗಿತ್ತು, ಆದರೂ ಬಿಟ್ಟಿ.) ಮೆನುವಿನಲ್ಲಿ ಹಾಕಿದ ಬೆಲೆಯೊಳಗೇ ತೆರಿಗೆ ಸೇರಿರಬೇಕು, ಬಿಲ್ಲಿನಲ್ಲಿ ಬೇರೆಯಾಗಿ ಕೂಡಿಸುವ ಹಾಗಿಲ್ಲ. ಜಗಳ ಆದರೆ ದನಿ ಏರಿಸಬೇಡ, "ಓಹಾ ದೆ ರೆಕ್ಲಾಮಾಸಿಯೋನೆಸ್" ಕೊಡಿ ಅನ್ನು ಅಂದಳು. ಅದು ಸರ್ಕಾರಿ ದೂರಿನ ಫಾರಂ, ಪ್ರತಿ ಹೋಟೆಲಿನಲ್ಲೂ ಇಟ್ಟಿರಲೇಬೇಕು. ಮೀಸೆ ಸಿಕ್ಕಾಗ ಈ ಮಾತು ಗೊತ್ತಿರಬೇಕಿತ್ತು.

ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ರಾಂಬ್ಲಾದ ಒಂದು ಮಗ್ಗುಲಿಗೇ ರವಾಲ್ ಅನ್ನುವ ಬಡಾವಣೆ ಇದೆ. ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯವರ ಅಂಗಡಿ ಹೋಟೆಲುಗಳು ಅಲ್ಲಿ ಸಾಲುಸಾಲು. ಹತ್ತು ನಿಮಿಷ ನಡೆದಿದ್ದರೆ ದಾಲು ರೊಟ್ಟಿ ಸಿಗುತ್ತಿತ್ತು. ಅದೂ ಬೇಡ, ಯಾವುದಾದರೂ ಮಾಮೂಲಿ ಬಾರ್‌ಗೆ ಹೋಗಿ ನಿಂತು ಒಂದು ಬೊಕದೀಯೋ ದೆ ತೊರ್ತೀಯಾ ತಿಂದಿದ್ದರೆ ಎಂಟೂವರೆವರೆಗೆ ತಡೆಯುತ್ತಿತ್ತು. ಉದ್ದನೆ ಬ್ರೆಡ್ಡಿನೊಳಗೆ ಆಲೂಗಡ್ಡೆ ಆಮ್ಲೆಟ್ ಇಟ್ಟ ತಿಂಡಿ ಅದು. ಇಂಥ ಬಾರ್‌ಗಳಿಗೆ ಆರೂವರೆಯ ಸಮಸ್ಯೆ ಇಲ್ಲ.

ಮಾರನೇ ದಿನ ಶುಕ್ರವಾರ. ಅವಳ ಮಾತಿನಂತೆ ಪೋಬ್ಲೆ ಸೆಕ್ ಬಡಾವಣೆಗೆ ಹೋಗಿ ಒಂದೂವರೆವರೆಗೆ ಕಾದೆವು. ಬಾಗಿಲಲ್ಲಿ ಫೋಟೋ ಇಲ್ಲ, ಕರೆಯುವವನಿಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕತಲಾನ್ ಭಾಷೆಯಲ್ಲಿ ಬರೆದ "ಮೆನು ದೆಲ್ ದಿಯಾ", 13.50. ಕೆಲಸದ ದಿನಗಳಲ್ಲಿ ಮಧ್ಯಾಹ್ನ ಸಿಗುವ ಫುಲ್ ಮೀಲ್ಸ್ ಅಂದುಕೊಳ್ಳಿ. ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ತಮಾಷೆ ನೋಡಿ, 1960ರ ದಶಕದಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಇಂಥ ನಿಗದಿ ಬೆಲೆಯ ಊಟವನ್ನು ತಂದಿದ್ದೇ ಪ್ರವಾಸಿಗರಿಗಾಗಿ. ಈಗ ಅದನ್ನು ಊರಿನವರು ತಿನ್ನುತ್ತಾರೆ, ಪ್ರವಾಸಿಗರು ರಾಂಬ್ಲಾದಲ್ಲಿ ಕೂತಿರುತ್ತಾರೆ.

ಸಸ್ಯಾಹಾರಿಗಳು ಇಲ್ಲೂ ಹುಷಾರು. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಆದರೆ ಅಲ್ಲಿ ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೋ ಸಲ ಹಂದಿಮಾಂಸದ ಹಮೋನ್ ಕೂಡ ಬರುವುದಿಲ್ಲ. ನಾನು ಹಾಗೆ ಹೇಳಿದ್ದಕ್ಕೆ ಸಲಾಡ್ ಮೇಲೆ ಟ್ಯೂನಾ ಮೀನು ಉದುರಿಸಿಕೊಂಡು ಬಂದರು. "ಸಿನ್ ಕಾರ್ನೆ, ಸಿನ್ ಪೆಸ್ಕಾದೋ, ಸಿನ್ ಹಮೋನ್" ಅಂತ ಮೂರನ್ನೂ ಬಿಡಿಸಿ ಹೇಳಿ. ಬೇಳೆ ಸಾರಿನಂತೆ ಕಾಣುವ ಲೆಂತೇಹಾಸ್ ನೋಡಿ ಆಸೆಪಡಬೇಡಿ, ಒಳಗೆ ಚೊರೀಸೋ ಅನ್ನುವ ಹಂದಿಮಾಂಸದ ಸಾಸೇಜು ಇರುವುದೇ ಜಾಸ್ತಿ.

ಎರಡನೇ ತಟ್ಟೆಯಲ್ಲಿ ನನಗೆ ಆಗುವುದೇನೂ ಇರಲಿಲ್ಲ. ಮೊದಲ ತಟ್ಟೆಯದನ್ನೇ ಎರಡು ಕೊಡುತ್ತೀರಾ ಅಂದೆ. ಕೌಂಟರಿನ ಅಜ್ಜಿ ಟ್ಯೂನಾ ಸಲಾಡನ್ನು ವಾಪಸ್ ತೆಗೆದುಕೊಂಡು, ಕಡಲೆಕಾಳು ಹಾಕಿದ ಪಾಲಕ್, ಆಮೇಲೆ ಸುಟ್ಟ ಬದನೆಕಾಯಿ ಮತ್ತು ದಪ್ಪ ಮೆಣಸಿನಕಾಯಿಯ ಎಸ್ಕಲಿವಾದಾ ಕೊಟ್ಟಳು. ಎಣ್ಣೆ, ಉಪ್ಪು, ಹೊಗೆ ವಾಸನೆ. ಒಗ್ಗರಣೆ ಒಂದಿದ್ದರೆ ನಮ್ಮಜ್ಜಿಯ ಸುಟ್ಟ ಬದನೆಕಾಯಿ ಗೊಜ್ಜೇ. ಹುಡುಗ ಅದೇನೋ ಮಾಂಸದ ಸಾಸೇಜು, ಬಿಳಿ ಬೀನ್ಸ್ ಕಾಳು ತಿಂದು, ಬ್ರೆಡ್ಡಿನಲ್ಲಿ ತಟ್ಟೆ ಒರೆಸಿದ.

ಬಿಲ್ 27 ಯೂರೋ. ಹುಡುಗ ಫೋನ್ ತೆಗೆದು ಎರಡು ಸಲ ಕೂಡಿದ. ಚೀಟಿಯ ಹಿಂದುಗಡೆಯೂ ತಿರುಗಿಸಿ ನೋಡಿದ.